'ಬರ್ತೀನಿ' ಅನ್ನುವ ಮಾತು

ತೀವ್ರ ನಿಗಾ ಘಟಕದ ಹಿರಿಯ ನರ್ಸಿಗೆ ಜೊತೆಯವರು ಇಟ್ಟ ಹೆಸರು ಪುರಾವೆ ಅಕ್ಕ. ಹಸಿವಾಗಿದೆ ಅಂದರೂ ಪುರಾವೆ ಕೇಳುವ ಹೆಂಗಸು ಎಂದು ಬೆನ್ನ ಹಿಂದೆ ನಗುತ್ತಿದ್ದರು. ಶುಶ್ರೂಷೆಯ ಮಾರ್ಗಸೂಚಿ ಬರೆಯುವ ಕೆಲಸ ಅವಳ ಹೆಗಲಿಗೆ ಬಿದ್ದದ್ದೂ ಅದಕ್ಕೇ. ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು, ಹಾಸಿಗೆಯ ತಲೆಭಾಗ ಎತ್ತಿಡುವುದನ್ನು ಉಳಿಸಿದಳು. ಕಫ ಎಳೆಯುವ ಮೊದಲು ಉಸಿರಿನ ಕೊಳವೆಗೆ ಉಪ್ಪುನೀರು ಬಿಡುವ ಹಳೇ ಚಾಳಿಯನ್ನು ಕಿತ್ತುಹಾಕಿದಳು. ಅಲ್ಲಿಯವರೆಗೆ ಅವಳು ಮಾಡಿದ್ದೆಲ್ಲ ಸರಿಯೇ.

ಒಂದು ರೂಢಿಗೆ ಮಾತ್ರ ಯಾವ ಅಧ್ಯಯನದಲ್ಲೂ ಆಧಾರ ಸಿಗಲಿಲ್ಲ. ಪಾಳಿ ಮುಗಿಸಿ ಹೊರಡುವವರು ಪ್ರಜ್ಞೆಯಿಲ್ಲದ ರೋಗಿಯ ಕಿವಿಯ ಹತ್ತಿರ ಬಾಗಿ 'ಬರ್ತೀನಿ' ಅನ್ನುತ್ತಿದ್ದರು. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಅಜ್ಜಿ ಕಥೆಗೆ ಮಾರ್ಗಸೂಚಿಯಲ್ಲಿ ಜಾಗವಿಲ್ಲ ಎಂದು ಅವಳು ಅದನ್ನು ನಿಲ್ಲಿಸಿದಳು.

ಮೂಲೆಯ ಹಾಸಿಗೆಯಲ್ಲಿ ಅವಳ ಚಿಕ್ಕಮ್ಮನೇ ಮಲಗಿದ್ದಳು. ತಾಯಿಯಿಲ್ಲದವಳನ್ನು ಎತ್ತಿ ಆಡಿಸಿ ಸಾಕಿದವಳು. ಈಗ ಕತ್ತಿಗೆ ಕೊಳವೆ, ಉಸಿರಿಗೆ ಯಂತ್ರ. ಊರಿಗೊಂದು ನ್ಯಾಯ, ತನಗೊಂದು ನ್ಯಾಯ ಬೇಡವೆಂದು ಆ ಮಧ್ಯಾಹ್ನ ಪಾಳಿ ಮುಗಿದಾಗ ಅವಳೂ 'ಬರ್ತೀನಿ' ಅನ್ನದೆ ಎದ್ದುಬಂದಳು.

ಗುಣವಾದ ರೋಗಿಗಳ ಅನುಭವವೂ ಮಾರ್ಗಸೂಚಿಗೆ ಬೇಕಿತ್ತು. ಅದೇ ಹೊತ್ತಿಗೆ ಕೆಳಗಿನ ಮಹಡಿಯ ಕೋಣೆಗೆ ತಪಾಸಣೆಗೆಂದು ದರ್ಜಿಯೊಬ್ಬ ಬಂದಿದ್ದ. ಪ್ರಜ್ಞೆ ತಪ್ಪಿದ್ದಾಗ ಏನಾದರೂ ಕೇಳಿಸುತ್ತಿತ್ತೇ ಎಂದು ಅವನನ್ನು ಕೇಳಿದಳು.

"ಒಬ್ಳು ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು 'ಬಾ, ಬಾ' ಅಂತಿದ್ಲು," ಎಂದ ಅವನು. "ನಿಮ್ಮೋರು ಬಗ್ಗಿ 'ಬರ್ತೀನಿ' ಅಂದ್ರೆ ಸುಮ್ನಾಗೋಳು. ನಾನೇ ಹಾಗಂದೆ ಅಂದ್ಕೊಳ್ತಿದ್ಲೇನೋ. ಕಾಯ್ತಾ ಕೂರೋಳು."

ಇಂಥದ್ದಕ್ಕೆ ಭ್ರಮೆ ಎಂದು ಹೆಸರು, ಪುರಾವೆಯೂ ಬೇಕಾದಷ್ಟಿದೆ. ಆದರೆ ಹಿಂದಿನ ವಾರ ತಪಾಸಣೆಗೆ ಬಂದಿದ್ದ ಮೇಷ್ಟರೊಬ್ಬರೂ ಇದನ್ನೇ ಹೇಳಿದ್ದರು. ಈ ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ; ಮಲಗಿದ್ದದ್ದು ಮಾತ್ರ ಅದೇ ಮೂಲೆಯ ಹಾಸಿಗೆಯಲ್ಲಿ. ಅವಳು ಬಿದ್ದೆನೋ ಎದ್ದೆನೋ ಎಂದು ಮೆಟ್ಟಿಲು ಹತ್ತಿ ಓಡಿದಳು.

ಚಿಕ್ಕಮ್ಮ ಕಣ್ಣು ಬಿಟ್ಟಿದ್ದಳು. ಪುರಾವೆ ಅಕ್ಕನಿಗೆ ಅಳು ಬರುವಷ್ಟು ಸಂತೋಷವಾಯಿತು. ಆಮೇಲೆ ನೋಡಿದರೆ ಆ ಕಣ್ಣು ಅವಳ ಮೇಲಿರಲಿಲ್ಲ. ಗೋಡೆಯ ಬದಿಯಲ್ಲಿರಬೇಕಾದ ಕುರ್ಚಿಯನ್ನು ಯಾರೋ ಹಾಸಿಗೆಗೆ ತಾಗುವಷ್ಟು ಹತ್ತಿರ ಎಳೆದಿಟ್ಟಿದ್ದರು. ಕುರ್ಚಿ ಖಾಲಿಯಿತ್ತು.

"ಬರ್ತೀನಿ," ಎಂದಳು ಅವಳು, ಚಿಕ್ಕಮ್ಮನ ಕಿವಿಯಲ್ಲಿ. "ಬರ್ತೀನಿ, ಬರ್ತೀನಿ."

ಚಿಕ್ಕಮ್ಮ ಸಣ್ಣಗೆ ನಕ್ಕಳು. ಮನೆಯೊಳಗಿಂದ ಕರೆದವರಿಗೆ ಓಗೊಡುವಂತೆ ತುಟಿ ಅಲುಗಿತು, ದನಿ ಇರಲಿಲ್ಲ. ತುಟಿ ಓದುವುದು ಆ ಕೆಲಸದವರಿಗೆಲ್ಲ ಬರುತ್ತದೆ. ಅದು 'ಬರ್ತೀನಿ' ಅಲ್ಲ.

"ಬಂದೆ," ಎಂದಿದ್ದಳು ಚಿಕ್ಕಮ್ಮ, ಆ ಕುರ್ಚಿಗೆ.