ಜಟಗನಕಟ್ಟೆ ತಿರುವು

ರವೀಂದ್ರನಿಗೆ ಅಭಿಜ್ಞಾಳ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಅವಳು ಲಾರಿಯಿಂದ ಇಳಿದು ಬಂದ ದಿನ.

ಅದು ಎರಡು ಸಾವಿರದ ಎರಡನೆಯ ಇಸವಿ. ಅವನು ಶಿರಸಿಯ ರಸ್ತೆ ಕಚೇರಿಯಲ್ಲಿ ಹಿರಿಯ ಸಂಚಾರ ತಂತ್ರಜ್ಞನಾಗಿದ್ದ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆದ್ದಾರಿಗಳಲ್ಲಿ ಎಲ್ಲಿ ಫಲಕ ನಿಲ್ಲಿಸಬೇಕು, ಎಲ್ಲಿ ಬಿಳಿ ಗೆರೆ ಎಳೆಯಬೇಕು, ದಿನಕ್ಕೆ ಎಷ್ಟು ಗಾಡಿ ಓಡಾಡುತ್ತವೆ ಎಂಬುದೆಲ್ಲ ಅವನ ಕೆಲಸ. ಬನವಾಸಿ ಕಡೆಯ ಮನುಷ್ಯ. ಮಾತು ಕಮ್ಮಿ, ಕೆಲಸ ಅಚ್ಚುಕಟ್ಟು. ರಸ್ತೆ ಬದಿಯಲ್ಲಿ ಅವನು ನಿಂತಿದ್ದರೆ ಬಸ್ಸಿನ ಚಾಲಕರು ಸ್ಟಿಯರಿಂಗ್‌ನಿಂದ ಒಂದು ಕೈ ಎತ್ತಿ ನಮಸ್ಕಾರ ಮಾಡಿ ಹೋಗುತ್ತಿದ್ದರು. ಅವನು ತಲೆ ಅಲ್ಲಾಡಿಸುತ್ತಿದ್ದದ್ದು ಸ್ವಲ್ಪವೇ. ಆದರೆ ಆ ನಮಸ್ಕಾರ ಇಲ್ಲದ ದಿನ ಅವನಿಗೆ ಊಟ ರುಚಿಸುತ್ತಿರಲಿಲ್ಲ.

ಅಭಿಜ್ಞಾ ತ್ಯಾಗಲಿಯ ಅಡಿಕೆ ತೋಟಿಗರ ಮನೆಯವಳು. ಡಿಪ್ಲೊಮಾ ಮುಗಿಸಿ ಅವನ ಕೈಕೆಳಗೆ ತಂತ್ರಜ್ಞೆಯಾಗಿ ಸೇರಿದ್ದಳು. ಮೊದಮೊದಲು ಅವನೇ ಅಕ್ಕರೆಯಿಂದ ಕಲಿಸಿದ. ಗೆರೆಗೆ ದಾರ ಹಿಡಿಯುವುದು ಹೇಗೆ, ಮೋಡದ ದಿನ ಬಣ್ಣ ಎಷ್ಟು ತೆಳುವಿರಬೇಕು, ರಸ್ತೆಯಲ್ಲಿ ನಿಂತಾಗ ಬರುವ ಗಾಡಿಗೆ ಯಾಕೆ ಬೆನ್ನು ಹಾಕಬಾರದು ಎಂದೆಲ್ಲ. ಅವಳು ಪ್ರತಿಯೊಂದಕ್ಕೂ "ಹೌದಾ ಸರ್" ಎನ್ನುತ್ತಿದ್ದಳು. ಅವನಿಗೆ ಖುಷಿಯಾಗುತ್ತಿತ್ತು.

ಉಮ್ಮಚಗಿಗೆ ಹೋಗುವ ದಾರಿಯಲ್ಲಿ ಜಟಗನಕಟ್ಟೆ ಎಂಬಲ್ಲಿ ಒಂದು ತಿರುವಿತ್ತು. ಅಲ್ಲಿ ರಸ್ತೆ ಬಲಕ್ಕೆ ಹೊರಳುತ್ತದೆ. ಹೊರಳಬೇಕಾದ ಲಾರಿಗಳು ನೆಟ್ಟಗೆ ಹೋಗಿ ಹಳ್ಳಕ್ಕೆ ಬೀಳುತ್ತಿದ್ದವು. ರವೀಂದ್ರ ಅಲ್ಲಿ ತಿರುವಿನ ಫಲಕ ಹಾಕಿದ್ದ, ಅದನ್ನು ಬದಲಿಸಿ ದೊಡ್ಡದು ಹಾಕಿದ್ದ, 'ನಿಧಾನ' ಎಂದು ಬರೆಸಿದ್ದ. ಲಾರಿ ಬೀಳುವುದು ನಿಲ್ಲಲಿಲ್ಲ. ಚಾಲಕರು ಕುಡಿದು ಓಡಿಸುತ್ತಾರೆ, ಫಲಕ ಏನು ಮಾಡೀತು ಎಂದು ಅವನು ಕೈಬಿಟ್ಟಿದ್ದ.

ಅಭಿಜ್ಞಾ ಕೈಬಿಡಲಿಲ್ಲ. ಹಿಂದಿನ ತಿಂಗಳು ಅಲ್ಲೇ ಬಿದ್ದು ಬದುಕಿದ್ದ ಹುಬ್ಬಳ್ಳಿಯ ಚಾಲಕನೊಬ್ಬನನ್ನು ಹುಡುಕಿ, ಮುಸ್ಸಂಜೆಯಲ್ಲಿ ಅವನ ಲಾರಿಯಲ್ಲೇ ಕುಳಿತು ಆ ತಿರುವಿಗೆ ಹೋದಳು. ಅಲ್ಲಿ ಕಾಯುತ್ತಿದ್ದ ರವೀಂದ್ರನ ಹತ್ತಿರ ಇಳಿದು ಬಂದವಳು ಕೈ ಚಾಚಿ ತೋರಿಸಿದಳು. ರಸ್ತೆಯ ಪಕ್ಕದಲ್ಲೇ ಬಂದ ಟೆಲಿಫೋನ್ ಕಂಬಗಳ ಸಾಲು ತಿರುವಿನಲ್ಲಿ ರಸ್ತೆಯನ್ನು ಬಿಟ್ಟು, ಹಳ್ಳ ದಾಟಿ, ನೆಟ್ಟಗೆ ಕಾಡಿನೊಳಗೆ ಹೋಗಿತ್ತು. ಬೆಳಕು ಕಮ್ಮಿಯಾದಾಗ ಚಾಲಕನ ಕಣ್ಣಿಗೆ ರಸ್ತೆ ಕಾಣುವುದಿಲ್ಲ, ಕಂಬಗಳು ಕಾಣುತ್ತವೆ. ಅವನು ಕಂಬಗಳ ಹಿಂದೆ ಹೋಗುತ್ತಾನೆ.

ರವೀಂದ್ರ ಆ ಕಂಬಗಳನ್ನು ಹನ್ನೊಂದು ವರ್ಷದಿಂದ ನೋಡುತ್ತ ಬಂದಿದ್ದ. ಅವಳು ಹೇಳಿದ ಕೂಡಲೇ ಅದು ನಿಜವೆಂದು ಅವನಿಗೆ ಗೊತ್ತಾಯಿತು. ಗೊತ್ತಾದದ್ದೇ ಎದೆಯೊಳಗೆ ಬಿಸಿ ನೀರು ಸುರಿದ ಹಾಗಾಯಿತು.

"ನೋಡೋಣ," ಎಂದಷ್ಟೇ ಹೇಳಿದ.

ಎಂಜಿನಿಯರ್ ಕಿಶೋರ ಸಾಹೇಬರಿಗೆ ವಿಷಯ ಮುಟ್ಟಿತು. ಕಂಬ ಕೀಳಿಸುವುದು ಬೇರೆ ಇಲಾಖೆಯ ಕೆಲಸ. ಅದರ ಬದಲು ಬೆಳಕು ಬಿದ್ದರೆ ಹೊಳೆಯುವ ಬಾಣದ ಗುರುತಿನ ಹಲಗೆಗಳನ್ನು ತಿರುವಿನ ಉದ್ದಕ್ಕೂ, ಕಂಬದ ಸಾಲಿಗೆ ಅಡ್ಡವಾಗಿ ನಿಲ್ಲಿಸಬಹುದು ಎಂದು ಅಭಿಜ್ಞಾ ಸೂಚಿಸಿದಳು. ಸಾಹೇಬರು ಎಲ್ಲರ ಎದುರು ಅವಳನ್ನು ಹೊಗಳಿ, ಹಲಗೆಗಳನ್ನು ಕೊಡಿಸುವಂತೆ ಮೇಲಿನವರಿಗೆ ಬರೆದು ಕಳಿಸಿದರು. ನಂತರ ರವೀಂದ್ರನ ಕಡೆ ತಿರುಗಿ, ಇಷ್ಟು ವರ್ಷ ಇದು ನಮಗ್ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನಕ್ಕರು. 'ನಮಗ್ಯಾರಿಗೂ' ಅಂದದ್ದು ತನ್ನೊಬ್ಬನಿಗೇ ಎಂದು ರವೀಂದ್ರನಿಗೆ ಕೇಳಿಸಿತು.

ಮನೆಯಲ್ಲೂ ಸುಖವಿರಲಿಲ್ಲ. ಅವನ ತಾಯಿ ಗಿರಿಜವ್ವನಿಗೆ ಮಂಡಿನೋವು. ಅಭಿಜ್ಞಾ ಒಮ್ಮೆ ಕಡತ ಕೊಡಲು ಬಂದವಳು ಮುದುಕಿಯ ಕಾಲು ನೋಡಿ, ಮುಂದಿನ ವಾರ ಊರಿಂದ ಯಾವುದೋ ಎಣ್ಣೆ ತಂದುಕೊಟ್ಟಿದ್ದಳು, ಜೊತೆಗೆ ಅಪ್ಪೆಮಿಡಿಯ ಉಪ್ಪಿನಕಾಯಿ. ಈಗ ಮಗ ಊಟಕ್ಕೆ ಕುಳಿತರೆ ಗಿರಿಜವ್ವ ಅದೇ ಉಪ್ಪಿನಕಾಯಿ ಬಡಿಸಿ, "ಆ ಹುಡಿಗಿ ಯಾಕೋ ಈಚಿಗೆ ಬಂದೇ ಇಲ್ಲಲ್ಲೋ. ಕರಕೊಂಡು ಬಾ," ಎನ್ನುತ್ತಿದ್ದಳು. ಅವನು ಉಪ್ಪಿನಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದ. ರಸ್ತೆಯಲ್ಲಿ ಬಸ್ಸಿನವರು ಕೈ ಎತ್ತಿದರೆ, ಅದು ತನಗೋ ಪಕ್ಕದಲ್ಲಿ ನಿಂತ ಅವಳಿಗೋ ಎಂದು ಲೆಕ್ಕ ಹಾಕುತ್ತಿದ್ದ.

ಹಲಗೆಗಳು ಬರುವುದು ತಡವಾಯಿತು. ಅಭಿಜ್ಞಾ ಯಾರದೋ ಮದುವೆಗೆಂದು ರಜೆ ಹಾಕಿ ಊರಿಗೆ ಹೋದಳು. ಅವಳು ಬರುವುದರೊಳಗೆ ತಿರುವನ್ನು ತಾನೇ ಸರಿಮಾಡಿಬಿಡಬೇಕು ಎಂಬ ಹಟ ರವೀಂದ್ರನಿಗೆ ಹುಟ್ಟಿತು. ಅಪಾಯದ ಜಾಗದಲ್ಲಿ ತುರ್ತು ಕೆಲಸ ಮಾಡಿಸುವ ಅಧಿಕಾರ ಅವನಿಗಿತ್ತು. ಡಾಂಬರಿನ ಗುಂಪನ್ನು ಕರೆಸಿ ತಿರುವಿಗೆ ಮೊದಲು ರಸ್ತೆಗೆ ಅಡ್ಡಲಾಗಿ ಒಂದು ಎತ್ತರದ ಹಂಪು ಹಾಕಿಸಿದ. ಗಾಡಿ ನಿಧಾನವಾದರೆ ಕಂಬವೇನು ಮಾಡುತ್ತದೆ, ಬಾಣದ ಹಲಗೆಯಾದರೂ ಯಾಕೆ ಬೇಕು! ಕೆಲಸ ಮುಗಿಯುವ ಹೊತ್ತಿಗೆ ಮಳೆ ಹನಿಯಿತು. ಹಂಪಿನ ಮೇಲೆ ಬಿಳಿ ಪಟ್ಟೆ ಬಳಿಯುವುದನ್ನು ಮಾರನೆಯ ದಿನಕ್ಕೆ ಬಿಟ್ಟ. ಎದುರಿಗೆ ಒಂದು ಸೂಚನೆಯ ಫಲಕವನ್ನೂ ನಿಲ್ಲಿಸಲಿಲ್ಲ. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವನು ಸುಮ್ಮನಿರುತ್ತಿರಲಿಲ್ಲ.

ಬೆಳಗಿನ ಬಸ್ಸು ಹಂಪನ್ನು ಕಾಣದೆ ಬಂದ ವೇಗದಲ್ಲೇ ಹಾರಿತು. ಚಂದಗುಳಿಯ ಗಣಪತಿಗೆ ಗಂಟೆ ಹರಕೆ ಒಪ್ಪಿಸಲು ಹೊರಟಿದ್ದ ನಿವೃತ್ತ ಮಾಸ್ತರ ರಘುಪತಿ ಹೆಗಡೆಯವರು ಹಿಂದಿನ ಸೀಟಿನಲ್ಲಿದ್ದರು. ಅವರ ತಲೆ ಬಸ್ಸಿನ ಚಾವಣಿಗೆ ಬಡಿದು ಒಡೆಯಿತು, ಕೈ ಮುರಿಯಿತು. ಆ ಸುತ್ತಿನ ಅರ್ಧ ಜನ ಅವರ ಶಿಷ್ಯರೇ. ರವೀಂದ್ರ ಬಣ್ಣದ ಡಬ್ಬಿ ಹಿಡಿದು ಅಲ್ಲಿಗೆ ಮುಟ್ಟುವಾಗ ಜನ ರಸ್ತೆ ತಡೆದು ನಿಂತಿದ್ದರು. ಹಂಪು ಹಾಕಿಸಿದ್ದು ಯಾರು ಎಂದು ಕೇಳಿದರು. ಅವನು ತಾನೇ ಎಂದ. ಒಬ್ಬ ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ.

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಅದೇ ಬೆಳಿಗ್ಗೆ ರಜೆ ಮುಗಿಸಿ ಬಂದಿದ್ದ ಅಭಿಜ್ಞಾ ಜೀಪಿನಿಂದ ಇಳಿದು ನೇರ ಗುಂಪಿನೊಳಗೆ ನುಗ್ಗಿದಳು. ಅವರದೇ ಮಾತಿನಲ್ಲಿ, ದನಿ ಎತ್ತದೆ ಹೇಳಿದಳು:

"ಅವ್ರ ಬಿಡಿ. ಯಂಗ ಇಬ್ರೂ ಸೇರಿ ಹಾಕಿದ್ದು ಇದು. ತಪ್ಪಾಯ್ದು. ಇವತ್ತೇ ತೆಗೆಸ್ತ್ಯ."

ತಾವಿಬ್ಬರೂ ಸೇರಿ ಹಾಕಿದ್ದೆಂದು ಅವಳೇ ಒಪ್ಪಿಕೊಂಡದ್ದಕ್ಕೆ ಕೊರಳಪಟ್ಟಿ ಹಿಡಿದ ಕೈ ಸಡಿಲಾಯಿತು. ಸಾಹೇಬರು ಅವಳ ಮುಖ ನೋಡಿದರು, ರವೀಂದ್ರನ ಮುಖ ನೋಡಿದರು, ಡಾಂಬರಿನ ಗುಂಪಿಗೆ ಹೇಳಿಕಳಿಸಿದರು. ಮಧ್ಯಾಹ್ನದೊಳಗೆ ಹಂಪನ್ನು ಅಗೆದು ತೆಗೆದರು.

ರವೀಂದ್ರನಿಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಮೊದಲಿಗಿಂತ ಹೆಚ್ಚಿನ ಉರಿ. ಬುದ್ಧಿಯಲ್ಲಿ ಮುಂದಿದ್ದಳು, ಸರಿ. ಈಗ ದೊಡ್ಡತನದಲ್ಲೂ ಮುಂದಾದಳು. ತನಗೇನು ಉಳಿಯಿತು? ಎಲ್ಲರೂ ಹೋದ ಮೇಲೆ, ಕಿತ್ತ ಡಾಂಬರಿನ ಗುಡ್ಡೆಯ ಪಕ್ಕ ನಿಂತು ಕೇಳಿದ.

"ನೀವ್ಯಾಕ ಹಂಗ ಹೇಳಿದ್ರಿ? ನಿಮಗ ಗೊತ್ತೇ ಇರಲಿಲ್ಲ."

"ಹೇಳದೇ ಇದ್ರೆ ಹೊಡೀತಿದ್ರು ಸರ್," ಎಂದಳು. "ಆದ್ರೆ ಹಾಕೋ ಮೊದ್ಲು ನಂಗೊಂದು ಮಾತು ಯಾಕೆ ಹೇಳ್ಲಿಲ್ಲ?"

ಸುಳ್ಳು ಹೇಳಲು ಬೇಕಾದಷ್ಟು ಇತ್ತು. ಮಳೆ, ತುರ್ತು, ರಜೆ. ಅವಳ ಕಣ್ಣಲ್ಲಿ ನೀರಿರುವುದು ಕಂಡು ಅವನಿಗೆ ಯಾವುದೂ ಬಾಯಿಗೆ ಬರಲಿಲ್ಲ.

"ನೀವು ಹೇಳಿದ್ದು ಖರೇ ಇತ್ತು. ಅದಕ್ಕ ಹೇಳಲಿಲ್ಲ," ಎಂದ.

ಅವಳು ಬಣ್ಣದ ಡಬ್ಬಿ ಎತ್ತಿಕೊಂಡು ರಸ್ತೆಗೆ ನಡೆದಳು. ಮೂರ್ನಾಲ್ಕು ದಿನ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ರವೀಂದ್ರ ಮಾಸ್ತರರ ಮನೆಗೆ ಹೋಗಿ, ಕೈಗೆ ಕಟ್ಟು ಹಾಕಿಸಿಕೊಂಡಿದ್ದ ಅವರ ಎದುರು ಜಗಲಿಯಲ್ಲಿ ಕುಳಿತು, ತಪ್ಪು ತನ್ನೊಬ್ಬನದು ಎಂದು ಹೇಳಿ ಬಂದ. ಸಾಹೇಬರಿಗೂ ಅದನ್ನೇ ಹೇಳಿದ. ಮೇಲಿನಿಂದ ಛೀಮಾರಿಯ ಪತ್ರ ಬಂತು, ಆ ವರ್ಷದ ಬಡ್ತಿ ತಪ್ಪಿತು. ಹಲಗೆಗಳು ಬಂದಾಗ ಇಬ್ಬರೂ ಸೇರಿ ನಿಲ್ಲಿಸಿದರು. ಅವಳು ಲಾರಿಯಲ್ಲಿ ಚಾಲಕನ ಪಕ್ಕ ಕುಳಿತು ಹಲಗೆಯ ಎತ್ತರ ಹೇಳಿದಳು, ಅವನು ಗುಂಡಿ ತೋಡಿಸಿದ. ಆಮೇಲೆ ಆ ಹಳ್ಳಕ್ಕೆ ಲಾರಿ ಬಿದ್ದ ಸುದ್ದಿ ಬರಲಿಲ್ಲ. ಪ್ರತಿ ಸಲ ಆ ತಿರುವು ದಾಟುವಾಗಲೂ ಅವನಿಗೆ ಒಳಗೊಂದು ಉರಿ ಚುರ್ರೆನ್ನುತ್ತಿತ್ತು. ಅದು ಪೂರ್ತಿ ಹೋಯಿತೆಂದು ಹೇಳಲಾಗದು. ಅದರ ಜೊತೆಗೇ ಕೆಲಸ ಮಾಡುವುದನ್ನು ಕಲಿತ.

ಎರಡು ಸಾವಿರದ ಐದರಲ್ಲಿ ಅಭಿಜ್ಞಾಳಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಗಿರಿಜವ್ವ ಅವಳಿಗೆ ಸೀರೆ ಉಡುಗೊರೆ ಕೊಟ್ಟು ಅತ್ತಳು. ರವೀಂದ್ರನಿಗೆ, ಮುಚ್ಚುಮರೆಯೇಕೆ, ಹೆಗಲು ಹಗುರಾದಂತಾಯಿತು.

ಕೆಲವು ತಿಂಗಳ ಮೇಲೆ ಅರಬೈಲು ಘಟ್ಟದ ಗೆರೆಯ ಕೆಲಸಕ್ಕೆ ಅವನು ಯಲ್ಲಾಪುರಕ್ಕೆ ಹೋದ. ಅವಳು ಕಾರವಾರಕ್ಕೆ ಸಭೆಗೆ ಹೋಗಿದ್ದಳು. ಅಲ್ಲಿನ ಹಿರಿಯ ತಂತ್ರಜ್ಞ ನಾಗಪತಿ ನಕ್ಷೆ ಬಿಡಿಸುತ್ತ, "ನಮ್ಮ ಅಭಿಜ್ಞಾ ಇದ್ದಿದ್ರೆ ಚಲೋ ಆಗ್ತಿತ್ತು, ಇದೆಲ್ಲ ಅವಳದ್ದೇ ಲೆಕ್ಕ," ಎಂದ.

ನಮ್ಮ ಅಭಿಜ್ಞಾ! ಅದೇ ಬಿಸಿ ನೀರು ಅದೇ ಜಾಗದಲ್ಲಿ ಸುರಿಯಿತು. ನಿನ್ನೆ ಮೊನ್ನೆ ಸಿಕ್ಕವಳು ಇವನಿಗೆ 'ನಮ್ಮ' ಹೇಗಾದಳು?

"ಆಕಿ ನನ್ನ ಕೈಯಾಗ ಕಲ್ತಾಕಿರಿ," ಎಂದುಬಿಟ್ಟ.

"ಗೊತ್ತಿದ್ದು ಮಾರಾಯ್ರೆ," ಎಂದ ನಾಗಪತಿ ನಕ್ಷೆಯಿಂದ ಕಣ್ಣೆತ್ತದೆ. "ಆನು ಎಂತ ಮಾಡಿದ್ರೂ, ರವೀಂದ್ರ ಸರ್ ಹೀಂಗೆ ಮಾಡ್ತಿದ್ರು ಹೇಳಿ ಅಭಿಜ್ಞಾ ಶುರು ಮಾಡ್ತು. ದಿನಾ ಕೇಳಿ ಸಾಕಾಯ್ದು."

ನಾಗಪತಿಯ ದವಡೆ ಬಿಗಿದಿತ್ತು. ಆ ಬಿಗಿತ ಎಂಥದ್ದೆಂದು ರವೀಂದ್ರನಿಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ನಗು ಬಂತು, ತಡೆದುಕೊಂಡ. ಗೆರೆಯ ಲೆಕ್ಕ ಮುಗಿದ ಮೇಲೆ ನಾಗಪತಿಯನ್ನು ಎಬ್ಬಿಸಿಕೊಂಡು ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೋಗಿ ಎರಡು ಚಹಾ ಹೇಳಿದ. ಶಿರಸಿಯ ಬಸ್ಸೊಂದು ಬಂದು ಹೋಯಿತು. ಇನ್ನೊಂದಕ್ಕೆ ಹೋದರಾಯಿತೆಂದು ಅವನು ಕುಳಿತೇ ಇದ್ದ.