ಏನೂ ಅಂಟದ ಬಿಲ್ಲೆ

ಒಂದೂ ಇರಲಿಲ್ಲ. ಅವನು ಕನ್ನಡಕ ಒರೆಸಿಕೊಂಡು ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದ. ತನ್ನ ಹೊಸ ಲೇಪ ಹಚ್ಚಿದ್ದ ಟೈಟಾನಿಯಂ ಬಿಲ್ಲೆಯ ಮೇಲೆ ನಿನ್ನೆ ಬಿಟ್ಟಿದ್ದ ಲಕ್ಷಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಒಂದೂ ತಳವೂರಿರಲಿಲ್ಲ. ಹನ್ನೊಂದು ವರ್ಷದ ಕೆಲಸ. ಖುಷಿಯಾಗಬೇಕಿತ್ತು, ಹಸಿವಾಯಿತು.

"ಗೆದ್ಬಿಟ್ರಿ! ಸ್ವೀಟ್ ಯಾವಾಗ?" ಎಂದಳು ಪಕ್ಕದ ಮೇಜಿನ ಸಹೋದ್ಯೋಗಿ.

"ಇನ್ನೊಂದು ತಟ್ಟೆ ಕೊಡಿ."

ಆ ತಟ್ಟೆಯಲ್ಲಿ ಅದೇ ಲೇಪದ ಇನ್ನೊಂದು ಬಿಲ್ಲೆ, ಅದರ ಮೇಲೆ ಮೂಳೆಯ ಜೀವಕೋಶಗಳು. ಅವು ಅಂಟಬೇಕು, ಬೆಳೆಯಬೇಕು. ಇಲ್ಲದಿದ್ದರೆ ಲೋಹ ಮೈಯೊಳಗೆ ಸಡಿಲವಾಗಿಯೇ ಉಳಿಯುತ್ತದೆ. ನೋಡಿದ. ಅಲ್ಲೂ ಒಂದೂ ಇರಲಿಲ್ಲ. ಹಗೆ ಯಾರು, ನೆಂಟರು ಯಾರು ಎಂಬುದು ಅವನ ಲೇಪಕ್ಕೆ ತಿಳಿದಿರಲಿಲ್ಲ.

ಸಹೋದ್ಯೋಗಿ ತಟ್ಟೆ ತೆಗೆದು ಪಕ್ಕಕ್ಕಿಟ್ಟಳು.

ಅಷ್ಟರಲ್ಲಿ ಅಕ್ಕನ ಫೋನು. ಅವಳ ಸೊಂಟದ ಕೀಲಿಗೆ ಹಾಕಿದ್ದ ಲೋಹಕ್ಕೆ ಸೋಂಕು ತಗುಲಿ, ಅದನ್ನು ತೆಗೆದು ಎಂಟು ವಾರವಾಗಿತ್ತು. ಬೇರೆ ಹಾಕಿಸಿಕೊಳ್ಳಲು ಒಪ್ಪುತ್ತಿಲ್ಲ. ತಮ್ಮನದೇ ಬರಲಿ ಎಂದು ಹಟ. ಇನ್ನೂ ತಡವಾದರೆ ನಡೆಯುವ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ನಾಳೆಯೊಳಗೆ ಉತ್ತರ ಬೇಕು.

"ಆಯ್ತೇನೋ ನಿಂದು?"

"ನೋಡ್ತಿದೀವಿ."

"ಹನ್ನೊಂದು ವರ್ಷದಿಂದ ನೋಡ್ತಾನೇ ಇದೀಯ. ಸಂಜೆ ಬಾ. ಬರಿಗೈಲಿ ಬರ್ಬೇಡ."

ಸಂಜೆ ಆಸ್ಪತ್ರೆಯಲ್ಲಿ ಮೊಣಕೈವರೆಗೆ ತೊಳೆದುಕೊಂಡು, ಕೈಗವಸು ಹಾಕಿಕೊಂಡು, ಅವಳ ಮಂಚದಿಂದ ಒಂದು ಮಾರು ದೂರ ಕುಳಿತ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಚಿಕ್ಕವನಿದ್ದಾಗ ಈ ಅಕ್ಕ ಅವನನ್ನು ಅದೇ ಸೊಂಟದ ಮೇಲೆ ಎತ್ತಿಕೊಂಡು ಬೀದಿಯೆಲ್ಲ ತಿರುಗಿದ್ದಳು. ನೆನಪಾಯಿತು.

"ತೋರ್ಸು."

ಜೇಬಿನಿಂದ ಡಬ್ಬಿ ತೆಗೆದು ತೆರೆದ. ಒಳಗೆ ಅದೇ ಲೇಪದ, ಇನ್ನೂ ಬಳಸದ ಬಿಲ್ಲೆ. ಅವಳು ಬಿಲ್ಲೆಯನ್ನು ಬೆರಳುಗಳ ನಡುವೆ ಒತ್ತಿ ಹಿಡಿದಳು.

"ಇದಕ್ಕೆ ಏನೂ ಅಂಟಲ್ವಾ?"

"ಏನೂ ಅಂಟಲ್ಲ."

"ಮತ್ತೆ? ಇದನ್ನೇ ಹಾಕ್ಸು. ಎಷ್ಟು ದಿನ ಆದ್ರೂ ಕಾಯ್ತೀನಿ. ಡಾಕ್ಟ್ರಿಗೆ ಹಾಗಂತ ಹೇಳ್ಬಿಡ್ಲಾ?"

ಕಾಯಬೇಡ ಅಕ್ಕ, ಇದಕ್ಕೆ ಮೂಳೆಯೂ ಅಂಟುವುದಿಲ್ಲ, ಡಾಕ್ಟರು ಹೇಳಿದ್ದನ್ನೇ ಹಾಕಿಸಿಕೋ. ಇಷ್ಟೇ ಹೇಳಬೇಕಿತ್ತು. ಅವಳ ಮುಖ ನೋಡಿ ಭಯವಾಯಿತು. ಬಿಲ್ಲೆಗಾಗಿ ಕೈ ಚಾಚಿದ.

ಅವಳು ಬಿಲ್ಲೆ ಹಿಂದಕ್ಕೆ ಕೊಟ್ಟಳು. ಅದರ ಮೇಲೆ ಅವಳ ಹೆಬ್ಬೆರಳ ಗುರುತು ಮೂಡಿತ್ತು, ಒಂದೊಂದು ಗೆರೆಯೂ ಸ್ಪಷ್ಟವಾಗಿ. ಲ್ಯಾಬಿನಲ್ಲಿ ಯಾರು ಏನು ಮುಟ್ಟಿದರೂ ಮಾಡುವಂತೆ, ಅವನ ಕೈ ತಾನಾಗಿ ಜೇಬಿನಿಂದ ಸ್ಪಿರಿಟ್ಟಿನ ಹತ್ತಿ ತೆಗೆಯಿತು. ಅಕ್ಕ ನೋಡುತ್ತಿದ್ದಂತೆಯೇ ಒರೆಸಿದ.

"ಹೇಳ್ಬಿಡ್ಲೇನೋ?" ಅಕ್ಕನ ದನಿ ಈಗ ಸಣ್ಣಗಿತ್ತು.

ಬಿಲ್ಲೆಯ ಮೇಲೆ ಏನೂ ಉಳಿದಿರಲಿಲ್ಲ. ಅವನು ಇನ್ನೂ ಒರೆಸುತ್ತಲೇ ಇದ್ದ.