ಉಲ್ಟಾ ಅಲ್ಲದ ಕತ್ತರಿ

ಮಗಳ ಉಗುರು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಟಕಟಕ ಎನ್ನುತ್ತಿದೆ, ದಪ್ಪ ಬಟ್ಟೆ ಸಿಕ್ಕಾಗ ಅಪ್ಪನ ಹೊಲಿಗೆ ಮಷಿನ್ನೂ ಹೀಗೇ ತಡವರಿಸುತ್ತಿತ್ತು, ನಿಂತು ಮತ್ತೆ ಓಡುತ್ತಿತ್ತು — ಅಮ್ಮಾ, ಎಲ್ಲಿದೀಯ, ಇಲ್ಲಿ ನೋಡು ಅಂದ್ರೆ — ನೋಡ್ತಾನೇ ಇದೀನಲ್ಲೇ. ಎಡಗೈಯವರಿಗಾಗಿ ಕತ್ತರಿ ಮಾರುವ ನಮ್ಮ ಪುಟ್ಟ ಆನ್‌ಲೈನ್ ಅಂಗಡಿಗೆ ಹೋದ ವಾರವಷ್ಟೇ ಜಾಹೀರಾತು ಶುರುವಾಗಿದೆ, ಯಾರಾದರೂ ಹುಡುಕಿದರೆ ಎಲ್ಲಕ್ಕಿಂತ ಮೇಲೆ ನಾವು, ಒತ್ತಿದರೆ ನಮಗೆ ಖರ್ಚು, ಕೊಂಡರೆ ನಮ್ಮ ಪುಣ್ಯ. ಕೊಳ್ಳೋರ ತಲೆಯೊಳಗೆ ಕೂತ್ಕೊಂಡು ಯೋಚ್ನೆ ಮಾಡಮ್ಮ, ಏನಂತ ಟೈಪ್ ಮಾಡ್ತಾರೆ ಅವ್ರು ಅಂದಿದ್ದಳು, ನಾನು ಒಂದೇ ಒಂದು ತಲೆಯೊಳಗೆ ಕೂತೆ, ಯಾರದೆಂದು ಹೇಳಲಿಲ್ಲ — ಎಡಗೈ ಕತ್ತರಿ, ಟೈಲರ್ ಕತ್ತರಿ ಎಡಗೈಗೆ, ಕೈ ನೋಯದ ಕತ್ತರಿ. ಜಾಹೀರಾತು ಎಷ್ಟು ದೂರದವರಿಗೆ ಕಾಣಬೇಕೆಂದು ನಕ್ಷೆ ತೆರೆದಾಗ ನಮ್ಮೂರಿನ ಸುತ್ತ ಒಂದು ನೀಲಿ ವೃತ್ತ, ಇಷ್ಟು ಸಾಕಮ್ಮ ಅಂದಳು, ಬೇಡ, ದೊಡ್ಡದು ಮಾಡು, ಇನ್ನೂ, ಇನ್ನೂ, ದೇಶಾನೇ ನುಂಗ್ತೀಯಲ್ಲ ಎಂದು ನಕ್ಕಳು, ನುಂಗಲಿ ಬಿಡು ಅಂದೆ, ನನ್ನ ಅಕ್ಕ ಯಾವ ಊರಲ್ಲಿದ್ದಾಳೋ ಯಾರಿಗೆ ಗೊತ್ತು ಅನ್ನುವುದನ್ನು ಮನಸ್ಸಿನಲ್ಲೇ ಇಟ್ಟುಕೊಂಡೆ.

ಈಗ ಪರದೆಯ ಮೇಲಿರುವುದು ಜನ ನಿಜವಾಗಿ ಹುಡುಕಿದ ಮಾತುಗಳು, ಬೇಡದ್ದನ್ನು ಆರಿಸಿ, ಅದಕ್ಕೆ ನಮ್ಮ ಜಾಹೀರಾತು ಕಾಣದ ಹಾಗೆ ತಡೆಯಬೇಕಂತೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಆಟದ ಕತ್ತರಿ ಬೇಡ, ಪುಕ್ಕಟೆ ಕತ್ತರಿ ಬೇಡ, ಕತ್ತರಿ ಬಿಡಿಸೋದು ಹೇಗೆ ಬೇಡವೇ ಬೇಡ, ಅಯ್ಯೋ ಇದೊಂದು ತಮಾಷೆ ನೋಡಮ್ಮ, ಉಲ್ಟಾ ಅಲ್ಲದ ಕತ್ತರಿ ಅಂತೆ, ಯಾರೋ ತಲೆ ಕೆಟ್ಟೋರು, ಮತ್ತೆ ಮತ್ತೆ ಬಂದು ನೋಡ್ಕೊಂಡು ಹೋಗ್ತಾರೆ, ಒಂದೂ ಕೊಂಡಿಲ್ಲ, ತೆಗೆದುಬಿಡ್ಲಾ — ಉಲ್ಟಾ ಅಲ್ಲದ ಕತ್ತರಿ, ಇದು ಅಕ್ಕನ ಮಾತಲ್ಲವೇ. ಎಡಗೈಯದನ್ನು ಲೋಕವೆಲ್ಲ ಉಲ್ಟಾ ಅಂದರೆ ಅಕ್ಕ ಅಪ್ಪನ ಕತ್ತರಿಯನ್ನೇ ಉಲ್ಟಾ ಅನ್ನುತ್ತಿದ್ದಳು, ಈ ಉಲ್ಟಾ ಕತ್ತರಿ ಕೊಟ್ಟು ನೇರ ಕತ್ತರಿಸು ಅಂದ್ರೆ ಹೇಗಪ್ಪಾ. ಅಪ್ಪ ಮಾತಾಡುತ್ತಿರಲಿಲ್ಲ, ಅವಳ ಎಡಗೈಯಿಂದ ಕಿತ್ತು ಬಲಗೈಗಿಡುತ್ತಿದ್ದ, ಅವನು ಅತ್ತ ತಿರುಗುತ್ತಲೇ ಅದು ಮತ್ತೆ ಎಡಗೈಗೆ, ಅಲುಗುಗಳ ನಡುವೆ ಬಟ್ಟೆ ಮಡಚಿಕೊಳ್ಳುತ್ತದೆ, ಗೆರೆ ಕಾಣುವುದಿಲ್ಲ, ಹಿಡಿಯ ಅಂಚು ಹೆಬ್ಬೆರಳ ಬುಡಕ್ಕೆ ಒತ್ತಿ ಒತ್ತಿ ಕೆಂಪು ಬಳೆಯಂಥ ಗುರುತು, ಮುಟ್ಟಬೇಡ ಕಣೇ, ಉರಿಯತ್ತೆ ಅನ್ನುತ್ತಿದ್ದಳು. ಗಿರಾಕಿಯ ಕೋಟಿನ ಬಟ್ಟೆ ಸೊಟ್ಟಗೆ ಹೋದ ದಿನ ಅಪ್ಪ ಬಾಯಿಬಿಟ್ಟ — ಇನ್ಮೇಲೆ ನೀನು ಈ ಟೇಬಲ್ಲಿಗೆ ಬರ್ಬೇಡ. ಬರಲಿಲ್ಲ. ದೂರದ ಊರಿನ ಬಟ್ಟೆ ಕಾರ್ಖಾನೆಗೆ ಹೋದಳು, ಮೊದಮೊದಲು ಫೋನು, ಊಟ ಆಯ್ತೇನೇ, ಅಪ್ಪ ನನ್ನ ಕೇಳಿದ್ನಾ, ಆಮೇಲೆ ಆ ನಂಬರೇ ಇಲ್ಲ, ಅಪ್ಪ ಸತ್ತದ್ದನ್ನು ಯಾವ ನಂಬರಿಗೆ ಹೇಳಲಿ. ಅವಳಿಲ್ಲದ ಆ ಟೇಬಲ್ಲಿನ ಎದುರು ಬದಿಯನ್ನು ನಾನು ಇವತ್ತಿಗೂ ಒರೆಸುತ್ತೇನೆ.

ತೆಗೀಬೇಡ. ಯಾಕಮ್ಮ, ಸುಮ್ನೆ ದಂಡ. ಅದು ನಿನ್ನ ದೊಡ್ಡಮ್ಮ ಇರಬಹುದು. ಟಕಟಕ ನಿಂತಿತು. ಯಾವ ದೊಡ್ಡಮ್ಮ? ಹೌದಲ್ಲ, ನಾನು ಇವಳಿಗೆ ಹೇಳಿಯೇ ಇಲ್ಲ, ಎಲ್ಲಿಂದ ಶುರು ಮಾಡಲಿ, ಕೋಟಿನ ಬಟ್ಟೆಯಿಂದಲೋ, ಒಂದೇ ಹೊದಿಕೆಯೊಳಗೆ ನಕ್ಕ ನಗುವಿನಿಂದಲೋ, ತೋಚಿದ ಹಾಗೆ ಹೇಳಿದೆ. ಅಕ್ಕನೇ ಆಗಬೇಕೆಂದಿಲ್ಲ, ಹಾಗೆ ಅನ್ನುವ ಎಡಗೈಯವರು ಎಷ್ಟು ಜನವೋ. ಮಗಳು ಆ ಮಾತನ್ನು ತಡೆಯುವುದು ಬಿಟ್ಟು ಅದಕ್ಕೇ ಒಂದು ಬೇರೆ ಜಾಹೀರಾತು ತೆರೆದಳು, ತಲೆಬರಹಕ್ಕೆ ಮೂವತ್ತೇ ಅಕ್ಷರ ಕಣಮ್ಮ, ಅಷ್ಟರಲ್ಲೇ ಹೇಳು. ಮೂವತ್ತರಲ್ಲಿ ಏನು ಹಿಡಿಸಲಿ, ಅಪ್ಪ ಹೋದ, ಟೇಬಲ್ಲು ಇದೆ, ನನ್ನ ಕೂದಲು ನರೆತಿದೆ, ನನ್ನ ಮಗಳಿಗೆ ನಿನ್ನದೇ ಮೂಗು — ಬರಿ, ನಿನ್ನ ಕತ್ತರಿ ಇಲ್ಲಿದೆ, ಬಾರೇ. ಬಾರೇ ಅಂತಾರಾ ಗಿರಾಕಿಗೆ? ಅಂತಾರೆ, ಬರಿ. ಬರೆದಳು, ಕಳಿಸಿದಳು, ಪರಿಶೀಲನೆಯಲ್ಲಿದೆ ಎಂದಿತು, ಆಮೇಲೆ ಆ ಸಾಲು ಹಸಿರಾಯಿತು, ಈಗ ಓಡ್ತಾ ಇದೆ ಕಣಮ್ಮ, ಅವಳು ನನ್ನ ಭುಜದ ಮೇಲೆ ಕೈ ಇಟ್ಟಿದ್ದಾಳೆ, ಎಲ್ಲೋ ಒಂದು ಕೋಣೆ, ಎಲ್ಲೋ ಒಂದು ಫೋನು, ಅದನ್ನು ಹಿಡಿದ ಎಡಗೈ, ಅಕ್ಷರಗಳ ಮೇಲೆ ನಿಧಾನ ಓಡಾಡುವ ಹೆಬ್ಬೆರಳು, ಅದರ ಬುಡದಲ್ಲಿ, ಇಷ್ಟು ವರ್ಷವಾದರೂ, ಆ ಕೆಂಪು ಬಳೆ —